ನಾಲ್ಕನೇ ಪೈಪು

ಮೂಗಪ್ಪ ಎಂಬ ಹೆಸರನ್ನು ಅವನಿಗೆ ಹೆತ್ತವರು ಇಟ್ಟದ್ದಲ್ಲ, ಗಿರಾಕಿಗಳು ಇಟ್ಟದ್ದು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಎದುರಿಗೇ ಅನ್ನತೊಡಗಿದರು, ಕೊನೆಕೊನೆಗೆ ಅಂಚೆಯವನು ಲಕೋಟೆಯ ಮೇಲಿನ ನಿಜವಾದ ಹೆಸರನ್ನು ನೋಡಿ "ಇದ್ಯಾರಪ್ಪಾ?" ಎಂದು ತಲೆ ಕೆರೆದುಕೊಳ್ಳುವ ಹಾಗಾಯಿತು. ಅವನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹಿಗ್ಗಿದ. ತಂಬಾಕಿನ ಅಂಗಡಿ ಇಟ್ಟವರು ಬೇಕಾದಷ್ಟು ಜನ ಇರಬಹುದು, ಮೂಗು ಇರುವವನು ತಾನೊಬ್ಬನೇ ಎಂದು ಅವನಿಗೆ ಖಾತ್ರಿ.

ಅಂಗಡಿ ಇದ್ದದ್ದು ಬೀದಿಯ ತಿರುವಿನಲ್ಲಿ, ಚಪ್ಪಲಿ ರಿಪೇರಿಯವನಿಗೂ ಬೀಗದ ಕೈ ಮಾಡುವವನಿಗೂ ನಡುವೆ ಇರುಕಿಕೊಂಡು. ಮುಂದೆ ಗಾಜಿನ ಬಾಗಿಲು, ಒಳಗೆ ಉದ್ದನೆಯ ಮರದ ಕೌಂಟರು, ಅದರ ಹಿಂದೆ ಭರಣಿಗಳ ಸಾಲು, ಅದಕ್ಕೂ ಹಿಂದೆ ಒಂದು ಪುಟ್ಟ ಕೋಣೆ. ಕೋಣೆಯಲ್ಲಿ ಮೇಜು, ಕುರ್ಚಿ, ಕಿಟಕಿ, ಬೀಗ ಹಾಕಿದ ಕಪಾಟು. ಕಪಾಟಿನಲ್ಲಿ ಏಳು ಪೈಪುಗಳು. ಏಳೂ ಒಂದೇ ಮರದವು, ಒಂದೇ ಅಳತೆಯವು, ಒಬ್ಬನೇ ಕೆತ್ತಿದವು. ಪ್ರತಿಯೊಂದರ ಕೊರಳಿಗೂ ಹಿತ್ತಾಳೆಯ ನಂಬರು ಬಿಲ್ಲೆ. ಆ ಕಪಾಟಿನ ಬೀಗ ತೆಗೆಯುವುದು ವರ್ಷದಲ್ಲಿ ಒಂದೇ ವಾರ. ಆ ವಾರಕ್ಕೆ ಮನೆಯಲ್ಲಿ 'ಹೋಲಿಕೆ' ಎಂದು ಹೆಸರು.

ಹೋಲಿಕೆ ಎಂದರೆ ಇಷ್ಟೆ. ಗಡಿಯಾರದ ಗುರುತಿನವರು, ಲಾಟೀನಿನ ಗುರುತಿನವರು, ಮೂರು ಕೀಲಿಯವರು, ಹೀಗೆ ಏಳು ಜನ ತಯಾರಕರು ತಮ್ಮ ತಮ್ಮ ಪೈಪ್ ತಂಬಾಕಿನ ಮಿಶ್ರಣವನ್ನು ಒಂದೊಂದು ಡಬ್ಬಿ ಕಳಿಸುತ್ತಾರೆ. ಮೂಗಪ್ಪನ ಹೆಂಡತಿ ಚೀಟಿ ಎತ್ತಿ, ಯಾವ ಡಬ್ಬಿಯದು ಯಾವ ನಂಬರಿನ ಬಟ್ಟಲಿಗೆ ಎಂದು ತೀರ್ಮಾನಿಸಿ, ಬಟ್ಟಲು ತುಂಬಿ, ಚೀಟಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ ಮುಚ್ಚಿಡುತ್ತಾಳೆ. ಯಾವುದು ಯಾರದೆಂದು ಗಂಡನಿಗೆ ಹೇಳುವುದಿಲ್ಲ. ಒಂದನೇ ಬಟ್ಟಲಿನದು ಮೊದಲನೇ ದಿನ ಒಂದನೇ ಪೈಪಿನಲ್ಲಿ, ಎರಡನೆಯದು ಮಾರನೇ ದಿನ ಎರಡನೇ ಪೈಪಿನಲ್ಲಿ, ಹೀಗೆ ದಿನಕ್ಕೊಂದನ್ನು ಅವನು ಅಂಗಡಿ ತೆರೆಯುವ ಮುಂಚೆ ಸೇದಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಎಂಟನೇ ದಿನ ಚೀಟಿ ಬಿಚ್ಚಿ, ನಂಬರಿಗೆ ಹೆಸರು ಕೂಡಿಸಿ, ಒಂದು ಹಾಳೆಯಲ್ಲಿ ಮೊದಲನೆಯವರಿಂದ ಕೊನೆಯವರ ತನಕ ಬರೆದು ಗಾಜಿನ ಬಾಗಿಲಿಗೆ ಅಂಟಿಸುತ್ತಾನೆ. ಪೈಪು ಸೇದುವವರು ದೂರದೂರದಿಂದ ಬಂದು, ಕನ್ನಡಕ ಸರಿ ಮಾಡಿಕೊಂಡು, ಆ ಹಾಳೆ ಓದಿಕೊಂಡು ಹೋಗುತ್ತಾರೆ.

ಏಳು ಪೈಪು ಯಾಕೆ ಎಂದು ಯಾರಾದರೂ ಕೇಳಿಬಿಟ್ಟರೆ ಮುಗೀತು, ಅರ್ಧ ಗಂಟೆ ಪಾಠ. "ಮರ ಕುಡಿಯುತ್ತೆ ಸ್ವಾಮಿ. ನಿನ್ನೆ ಸೇದಿದ್ದು ಇವತ್ತಿನದರಲ್ಲಿ ಬರುತ್ತೆ. ಅದಕ್ಕೇ ಒಂದೊಂದಕ್ಕೆ ಒಂದೊಂದು. ಅದರಲ್ಲೂ ಈ ಅತ್ತರು ಹಾಕಿದ ತಂಬಾಕು ಇದೆ ನೋಡಿ, ಗುಲಾಬಿ ಗಿಲಾಬಿ, ಅದನ್ನ ಒಂದೇ ಒಂದು ಸಲ ತುಂಬಿದ್ರೂ ಸಾಕು, ಆ ಪೈಪಿನ ಕಥೆ ಅಲ್ಲಿಗೆ ಮುಗೀತು. ನನ್ನ ಏಳಕ್ಕೆ ಅದನ್ನ ಮುಟ್ಟಿಸಿಲ್ಲ." ಇನ್ನೊಂದು ನಿಯಮವೂ ಇತ್ತು. ಹಳೆಯ ನೋಟ್‌ಬುಕ್ಕು ತೆರೆಯಕೂಡದು. ಹೋದ ವರ್ಷ ಏನು ಬರೆದೆನೆಂದು ನೋಡಿದರೆ ಈ ವರ್ಷದ ತೀರ್ಪು ಆ ಕಡೆ ವಾಲುತ್ತದೆ ಎಂದು ಅವನ ಲೆಕ್ಕ. ಹಾಗಾಗಿ ಹಳೆಯವನ್ನೆಲ್ಲ ಹೆಂಡತಿ ದಾರ ಸುತ್ತಿ ಅಟ್ಟದ ಮೇಲಿಟ್ಟಿದ್ದಳು.

ಇಷ್ಟೆಲ್ಲ ಮಡಿವಂತಿಕೆ ಇದ್ದವನ ಬಾಗಿಲಿನ ಮೇಲೆ ಒಂಬತ್ತು ವರ್ಷದಿಂದ ಒಂದು ಮಾತು ತಪ್ಪದೆ ಬರುತ್ತಿತ್ತು. ಸೋಪು. ಏಳರಲ್ಲಿ ಯಾರಾದರೊಬ್ಬರದು ಸೋಪಿನ ವಾಸನೆ ಎಂದು ಕೊನೆಯ ಸ್ಥಾನಕ್ಕೆ ಬೀಳುತ್ತಿತ್ತು. ಒಂದು ವರ್ಷ ಲಾಟೀನಿನವರದು, ಮರುವರ್ಷ ಮೂರು ಕೀಲಿಯವರದು. ಬೀಗದವನಂತೂ ಹೋಲಿಕೆಯ ವಾರ ಬಂತೆಂದರೆ ತಲೆ ಹೊರಗೆ ಹಾಕಿ, "ಈ ಸಲ ಸೋಪು ಯಾರ ಪಾಲಿಗೆ ಮೂಗಪ್ಪನೋರೆ?" ಎಂದು ಕೇಳುತ್ತಿದ್ದ. ಮೂಗಪ್ಪ ನಗುತ್ತಿರಲಿಲ್ಲ. ಈಗಿನವರಿಗೆ ಎಲೆಯ ಮೇಲೆ ನಂಬಿಕೆ ಇಲ್ಲ, ಕದ್ದುಮುಚ್ಚಿ ಸುಗಂಧ ಬೆರೆಸುತ್ತಾರೆ, ಕಾಲ ಕೆಟ್ಟಿದೆ ಎನ್ನುತ್ತಿದ್ದ.

ಮೊದಲನೇ ವರ್ಷ ಆ ಸೋಪು ಬಿದ್ದದ್ದು ಅವನ ಸ್ವಂತ ತಮ್ಮನ ತಲೆಯ ಮೇಲೆ.

ತಮ್ಮ ನಾಲ್ಕು ವರ್ಷ ಚಿಕ್ಕವನು. ಎರಡು ಬೀದಿ ಆಚೆ, ಮನೆಯ ಹಿತ್ತಿಲ ಶೆಡ್ಡಿನಲ್ಲಿ ಎಲೆ ಒತ್ತಿ, ಕತ್ತರಿಸಿ, ಬೆರೆಸಿ ಸ್ವಂತ ತಂಬಾಕು ಮಾಡಲು ಶುರುಮಾಡಿದ್ದ. ಅವರ ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಮೊದಲನೇ ಡಬ್ಬಿಯನ್ನು ಹೋಲಿಕೆಗೆ ತಂದುಕೊಟ್ಟು, "ಅಣ್ಣಾ, ಮುಲಾಜು ನೋಡ್ಬೇಡ" ಎಂದ. ಅಣ್ಣ ನೋಡಲಿಲ್ಲ. ಚೀಟಿ ಬಿಚ್ಚಿದಾಗ ಕೊನೆಯ ಸ್ಥಾನದ ನಂಬರಿನ ಎದುರು ತಮ್ಮನ ಹೆಸರು ಬಂತು. ನೋಟ್‌ಬುಕ್ಕಿನಲ್ಲಿ ಆಗಲೇ ಬರೆದಾಗಿತ್ತು: 'ಸೋಪಿನ ವಾಸನೆ. ಬಚ್ಚಲಲ್ಲಿ ಕೂತು ಸೇದಿದ ಹಾಗಿದೆ.' ಹೆಂಡತಿ ಕೈ ಹಿಡಿದುಕೊಂಡು, "ರೀ, ಆ ಬಚ್ಚಲಿನ ಮಾತೊಂದನ್ನ ಬಿಟ್ಬಿಡಿ, ನಿಮ್ಮ ದಮ್ಮಯ್ಯ" ಎಂದಳು. ಬರೆದದ್ದು ಬರೆದ ಹಾಗೇ ಹೋಗಬೇಕೆಂದು ಅವನು ಹಾಗೇ ಅಂಟಿಸಿದ. ವಾರ ಕಳೆಯುವುದರೊಳಗೆ ತಮ್ಮನಿಗೆ 'ಸೋಪು' ಎಂದೇ ಹೆಸರು ಬಿತ್ತು. ತಮ್ಮ ಬಂದು, "ನನ್ನ ಎಲೆಗೆ ಏನೂ ಮುಟ್ಟಿಸಿಲ್ಲ ಅಣ್ಣ" ಎಂದ. ಮೂಗಪ್ಪ, "ನನ್ನ ಮೂಗು ಸುಳ್ಳು ಹೇಳುತ್ತಾ?" ಎಂದ. ಅಣ್ಣತಮ್ಮಂದಿರ ನಡುವೆ ಆದ ಕೊನೆಯ ಮಾತು ಅದು. ತಮ್ಮ ಆಮೇಲೆ ಊರಲ್ಲಿ ಯಾರಿಗೂ ಮಾರಲಿಲ್ಲ, ಅವನ ಅಡ್ಡಹೆಸರು ಗೊತ್ತಿಲ್ಲದ ದೂರದವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದ.

ಹೆಂಗಸರು ಮಾತ್ರ ಮಾತು ಬಿಟ್ಟಿರಲಿಲ್ಲ. ತಮ್ಮನ ಮಗಳು ದೊಡ್ಡಮ್ಮನನ್ನು ನೋಡಲು ಆಗಾಗ ಬರುತ್ತಿದ್ದಳು. ಶಾಲೆಯಲ್ಲಿ ಲೆಕ್ಕದ ಟೀಚರು. ಮಾತೂ ಹಾಗೇ, ಹೆಚ್ಚು ಕಡಿಮೆ ಇಲ್ಲ. ಈ ವರ್ಷ ಹೋಲಿಕೆಗೆ ಹತ್ತು ದಿನ ಇದೆ ಎನ್ನುವಾಗ ಮೂಗಪ್ಪನ ಹೆಂಡತಿ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಚೀಟಿ ಬರೆಯುವುದು, ಬಟ್ಟಲು ತುಂಬುವುದು ಎಡಗೈಯಲ್ಲಿ ಆಗುವ ಕೆಲಸವಲ್ಲ. ರಜ ಇದ್ದದ್ದರಿಂದ ಹುಡುಗಿ, "ನಾನ್ ಮಾಡ್ತೀನಿ ಬಿಡಿ ದೊಡ್ಡಮ್ಮ" ಎಂದು ಬಂದಳು. ಮೊದಲನೇ ದಿನವೇ ಕೈಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅದರ ಮೇಲೆ ಗುರುತು ಇರಲಿಲ್ಲ.

"ಅಪ್ಪನ್ದು," ಎಂದಳು.

"ಅವನು ಕಳಿಸಿದ್ನಾ?"

"ಇಲ್ಲ. ಅಪ್ಪಂಗೆ ಗೊತ್ತಿಲ್ಲ. ಕತ್ತರಿಸೋ ಯಂತ್ರ ಕೊಟ್ಬಿಡ್ತಿದಾರೆ ದೊಡ್ಡಪ್ಪ. ಯಾರೋ ಮುಂದಿನ ವಾರ ಬಂದು ಹೊತ್ಕೊಂಡು ಹೋಗ್ತಾರಂತೆ. ಕೇಳಿದ್ರೆ, ಸೋಪು ಅನ್ನಿಸ್ಕೊಂಡು ಎಷ್ಟು ದಿನ ಅಂತ ಮಾಡೋದು, ಸಾಕು ಅಂತಾರೆ." ಡಬ್ಬಿಯನ್ನು ಅವನ ಕಡೆ ಸರಿಸಿ ಹೇಳಿದಳು. "ನೀವು ಸರಿ ಇದೆ ಅಂದ್ರೆ ಅಪ್ಪ ಬಿಡಲ್ಲ. ಅದು ನಂಗೊತ್ತು. ಮತ್ತೆ ಸೋಪು ಅಂದ್ರೆ ನಾನೇ ಯಂತ್ರ ಹೊರೋಕೆ ಕೈ ಹಾಕ್ತೀನಿ."

ಮೂರು ಕೀಲಿಯವರು ಹೋದ ವರ್ಷ ಸೋಪು ಅನ್ನಿಸಿಕೊಂಡ ಸಿಟ್ಟಿಗೆ ಈ ಸಲ ಡಬ್ಬಿ ಕಳಿಸಿರಲಿಲ್ಲ. ಏಳನೇ ಜಾಗ ಖಾಲಿಯಿತ್ತು. ಮೂಗಪ್ಪ ಡಬ್ಬಿಯನ್ನು ನೋಡಿದ, ಮುಟ್ಟಲಿಲ್ಲ.

"ಚೀಟಿ ಹಾಕು," ಎಂದ. "ಬಂದ ಹಾಗೆ ಬರ್ಲಿ. ನನ್ನ ಹತ್ರ ಮಾತ್ರ ಯಾವ ನಂಬರು ಅಂತ ಬಾಯಿ ಬಿಡ್ಬೇಡ."

"ನನಗೆ ಬಾಯಿ ಬಿಡೋ ಅಭ್ಯಾಸ ಇಲ್ಲ," ಎಂದಳು ಅವಳು.

ಮೊದಲನೇ ದಿನದ್ದು ಸುಮಾರಾಗಿತ್ತು. ಒದ್ದೆ ಕಟ್ಟಿಗೆ, ಕೊನೆಯಲ್ಲಿ ನಾಲಿಗೆ ಉರಿ. ಎರಡನೇ ದಿನ ಅವನು ಎರಡನೇ ಪೈಪು ಹಚ್ಚಿ ಕಿಟಕಿಯ ಕಡೆ ತಿರುಗಿ ಕೂತವನು ಚಹಾ ಆರಿದ್ದೂ ನೋಡಲಿಲ್ಲ. ಒಣದ್ರಾಕ್ಷಿಯ ಹುಳಿ, ಹಿಂದಿನಿಂದ ಹೊಗೆಯಲ್ಲಿ ಒಣಗಿಸಿದ ಕಪ್ಪು ಎಲೆಯ ಒಗರು, ಯಾವುದೂ ಇನ್ನೊಂದರ ಕಾಲು ತುಳಿಯುತ್ತಿರಲಿಲ್ಲ. ಬೂದಿಯಾಗುವ ತನಕ ಒಂದೇ ಸಮ ಉರಿಯಿತು. 'ಇದನ್ನು ಮಾಡಿದವನಿಗೆ ಅವಸರವಿಲ್ಲ' ಎಂದು ಬರೆದ. ಅವನ ನೋಟ್‌ಬುಕ್ಕಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಗಡಿಯಾರದವರದೇ ಇರಬೇಕು ಎಂದುಕೊಂಡ. ಹೋದ ವರ್ಷ ಮೊದಲನೆಯವರು ಅವರೇ. ಮೂರನೆಯದರ ವಿಷಯ ಹೇಳುವಂಥದ್ದೇನಿಲ್ಲ.

ನಾಲ್ಕನೇ ದಿನ ಮೂರು ದಮ್ಮು ಎಳೆಯುವುದರೊಳಗೆ ಸೋಪು ಬಂತು.

ಅವನು ಪೈಪನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟ. ಅದೇ ಸೋಪು, ಅದೇ ಬಚ್ಚಲು. ಇದು ತಮ್ಮನದೇ, ಒಂಬತ್ತು ವರ್ಷ ಆದರೂ ಬಿಡಲಿಲ್ಲವಲ್ಲ ಇವನು ಎನ್ನಿಸಿತು. ತಾನು ಆವತ್ತು ಬರೆದದ್ದು ಸರಿಯಾಗಿಯೇ ಇತ್ತು ಎಂದು ಒಂದು ಗಳಿಗೆ ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಈ ಒಂದು ಸಲಕ್ಕೆ ಸುಳ್ಳು ಬರೆದುಬಿಡಲೇ ಎಂದೂ ಯೋಚಿಸಿದ. ಯಂತ್ರ ಉಳಿಯುತ್ತದೆ, ತಮ್ಮ ಉಳಿಯುತ್ತಾನೆ, ಯಾರಿಗೆ ಗೊತ್ತಾಗಬೇಕು? ಪೆನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತಿದ್ದ. ಕೊನೆಗೆ 'ಸೋಪು' ಎಂದು ಬರೆದ. ಕೈ ಅದನ್ನೇ ಬರೆಯಿತು, ಬೇರೆ ಬರೆದು ಅದಕ್ಕೆ ಅಭ್ಯಾಸವಿರಲಿಲ್ಲ. ಆ ದಿನ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿಗೆ ತಪ್ಪು ಭರಣಿಯಿಂದ ತೂಗಿಕೊಟ್ಟ.

ಎಂಟನೇ ದಿನ ಬೆಳಿಗ್ಗೆ ಮೂವರೂ ಮೇಜಿನ ಸುತ್ತ ಕೂತರು. ಹೆಂಡತಿಯ ಕೈ ಪಟ್ಟಿಯಲ್ಲಿ ನೇತಾಡುತ್ತಿತ್ತು. ಹುಡುಗಿ ಬಿಸ್ಕತ್ತಿನ ಡಬ್ಬಿ ತೆರೆದಳು.

"ಮೊದಲು ಕೊನೇದು ಹೇಳು," ಎಂದ ಮೂಗಪ್ಪ. "ನಾಲ್ಕನೇ ನಂಬರು."

ಅವಳು ಚೀಟಿ ಬಿಚ್ಚಿದಳು. "ಗಡಿಯಾರದ ಗುರುತು."

"ಸರಿಯಾಗಿ ನೋಡು."

"ನಾನೇ ಬರೆದಿದ್ದು ದೊಡ್ಡಪ್ಪ. ಗಡಿಯಾರದ ಗುರುತು."

"ಮೊದಲನೇದು? ಎರಡನೇ ನಂಬರು?"

ಅವಳು ಚೀಟಿಯನ್ನು ಓದದೆ ಅವನ ಕಡೆ ತಿರುಗಿಸಿ ಹಿಡಿದಳು. ಅದರಲ್ಲಿ 'ಅಪ್ಪ' ಎಂದಿತ್ತು.

ಹೆಂಡತಿ "ಅಯ್ಯೋ ನನ್ನಪ್ಪಾ" ಎಂದು ಇದ್ದ ಒಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ಮೂಗಪ್ಪನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಅಳುಕಾಯಿತು. ಹೋದ ವರ್ಷ ಮೊದಲನೆಯದಾಗಿದ್ದ ಗಡಿಯಾರ ಈ ವರ್ಷ ಸೋಪಾಗುವುದೆಂದರೇನು? ಸೋಪಾಗಿದ್ದ ತಮ್ಮ ಮೊದಲನೆಯವನಾಗುವುದೆಂದರೇನು?

"ಅವನು ಬದಲಾಯಿಸಿರ್ಬೇಕು," ಎಂದ. "ಬೇರೆ ಎಲೆ ಹಾಕ್ತಿರ್ಬೇಕು ಈಗ."

"ಒಂದೆಳೆ ಬದಲಾಯಿಸಿಲ್ಲ. ಅಪ್ಪನ ಹಟ ನಿಮಗೆ ಗೊತ್ತಲ್ಲ. ಅವತ್ತು ಕಳಿಸಿದ್ದೇ ಇದು." ಹುಡುಗಿ ಚೀಟಿಗಳನ್ನು ಸಾಲಾಗಿ ಜೋಡಿಸುತ್ತ ಏನೋ ಯೋಚಿಸುತ್ತಿದ್ದಳು. ಆಮೇಲೆ, "ದೊಡ್ಡಮ್ಮ, ಹಳೇ ನೋಟ್‌ಬುಕ್ಕು ಎಲ್ಲಿವೆ?" ಎಂದಳು.

"ಅದನ್ನ ತೆಗೀಬಾರ್ದು," ಎಂದ ಮೂಗಪ್ಪ.

"ನೀವು ತೆಗೀಬಾರ್ದು. ನಾನು ತೆಗೀಬೋದು."

ಅಟ್ಟದಿಂದ ಇಳಿಸಿದ ಕಟ್ಟಿನ ದಾರವನ್ನು ಬಿಚ್ಚದೆ ಹಲ್ಲಿನಿಂದ ಕಡಿದಳು. ಒಂದೊಂದನ್ನೇ ತೆರೆದು, ಕೊನೆಯ ಸ್ಥಾನ ಯಾವ ನಂಬರಿನದೆಂದು ನೋಡಿ, ಪಕ್ಕಕ್ಕಿಟ್ಟು, ಮುಂದಿನದನ್ನು ತೆರೆದಳು. ಒಂಬತ್ತು ನೋಟ್‌ಬುಕ್ಕಿಗೂ ಅದಕ್ಕಿಂತ ಹಿಂದಿನ ಒಂದೆರಡಕ್ಕೂ ಸೇರಿ ಐದು ನಿಮಿಷವೂ ಹಿಡಿಯಲಿಲ್ಲ.

"ನಾಲ್ಕು," ಎಂದಳು. "ನಾಲ್ಕು, ನಾಲ್ಕು, ನಾಲ್ಕು. ಎಲ್ಲಾ ವರ್ಷ ನಾಲ್ಕೇ. ಈ ವರ್ಷದ್ದೂ ಸೇರಿ ಹತ್ತು. ಅದಕ್ಕಿಂತ ಹಿಂದಿನದರಲ್ಲಿ ಸೋಪಿನ ಸುದ್ದಿಯೇ ಇಲ್ಲ. ಯಾರ ತಂಬಾಕಾದ್ರೂ ಇರ್ಲಿ, ನಾಲ್ಕನೇ ಬಟ್ಟಲಿಗೆ ಬಿದ್ರೆ ಸೋಪು. ಏನ್ ದೊಡ್ಡಪ್ಪ, ನಾಲ್ಕನೇ ದಿನ ನಿಮಗೆ ನೆಗಡಿ ಬರುತ್ತಾ ಪ್ರತಿ ವರ್ಷ?"

ಮೂಗಪ್ಪ ಎದ್ದು ಹೋಗಿ ಕಪಾಟಿನಿಂದ ನಾಲ್ಕನೇ ಪೈಪು ತಂದ. ತಣ್ಣಗಿದ್ದಾಗ ಅದರಲ್ಲಿ ವಿಶೇಷವೇನೂ ಇರಲಿಲ್ಲ, ಬೂದಿ, ಮರ, ಅಷ್ಟೆ. ತಮ್ಮನ ಡಬ್ಬಿಯಿಂದ ತುಂಬಿದ. ಎರಡನೇ ದಿನ ಬೆಳಗ್ಗೆಯೆಲ್ಲ ಕಿಟಕಿಯ ಮುಂದೆ ಕೂತು ಸೇದಿದ ಅದೇ ತಂಬಾಕು. ಕಡ್ಡಿ ಗೀರಿದ. ಒಂದು ದಮ್ಮು, ಎರಡು ದಮ್ಮು, ಮೂರನೆಯದಕ್ಕೆ ಮರ ಬಿಸಿಯಾಯಿತು. ಸೋಪು.

ಈ ಸಲ ಮಾತ್ರ ಅವನು ಹೋಲಿಸುತ್ತಿರಲಿಲ್ಲ. ತಂಬಾಕು ಯಾವುದೆಂದು ಗೊತ್ತಿತ್ತು. ಹುಡುಗಿ ಕಪ್ಪುಹಲಗೆಯ ಮೇಲೆ ಮಾಡುವ ಹಾಗೆ ಗೊತ್ತಿದ್ದದ್ದನ್ನು ಒಂದೊಂದಾಗಿ ಕಳೆಯುತ್ತಾ ಹೋದ. ದ್ರಾಕ್ಷಿ ಕಳೆದ, ಕಪ್ಪೆಲೆ ಕಳೆದ, ಹೊಗೆ ಕಳೆದ. ಕೊನೆಗೆ ಉಳಿದದ್ದು ಗುಲಾಬಿ. ಹಳೆಯದು, ಬಾಡಿದ್ದು, ಬೆಚ್ಚಗಿದ್ದದ್ದು.

ಅವನು ಪೈಪನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಅವರ ಅಪ್ಪ ಸೇದುತ್ತಿದ್ದದ್ದು ಗುಲಾಬಿ ಹಾಕಿದ ತಂಬಾಕು. ಅಮ್ಮ ಇದ್ದಷ್ಟು ದಿನವೂ, "ಗಂಡಸರು ಸೇದೋ ಹೊಗೆಯಾ ಇದು?" ಎಂದು ಮೂಗು ಮುರಿಯುತ್ತಿದ್ದಳು. ಅದನ್ನು ಮಾಡುತ್ತಿದ್ದವರು ಯಾವತ್ತೋ ಬಾಗಿಲು ಹಾಕಿದ್ದರು. ಅಪ್ಪ ಉಳಿದಿದ್ದ ಡಬ್ಬಿಗಳನ್ನು ಹಿಡಿತದಲ್ಲಿ ಸೇದಿ, ಕೊನೆಯ ಡಬ್ಬಿ ಮುಗಿಯುವ ಮುಂಚೆ ತಾನೇ ಮುಗಿದ. ಮಣ್ಣು ಮಾಡಿ ಬಂದ ಮೂರನೇ ದಿನ ತಮ್ಮ ಕೇಳಿದ್ದ, "ಅಣ್ಣಾ, ಅಪ್ಪನ ಡಬ್ಬೀಲಿ ಏನಾದ್ರೂ ಉಳಿದಿದ್ಯಾ?" ಮೂಗಪ್ಪ, "ಖಾಲಿ. ಎಸೆದೆ" ಎಂದಿದ್ದ. ಡಬ್ಬಿ ಆಗ ಅವನ ಕೋಟಿನೊಳಗೇ ಇತ್ತು. ಒಂದು ಸಲಕ್ಕಾಗುವಷ್ಟು ತಂಬಾಕಿತ್ತು ಅದರಲ್ಲಿ. ಸಂಜೆ ಅಂಗಡಿಯ ಬಾಗಿಲು ಎಳೆದುಕೊಂಡು ಹಿಂದಿನ ಕೋಣೆಗೆ ಬಂದ. ದಿನಾ ಸೇದುವ ಪೈಪು ಮನೆಯಲ್ಲಿ ಉಳಿದಿತ್ತು. ಕಪಾಟು ತೆರೆದು ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡ. ಆವತ್ತು ನಿಯಮ ಗಿಯಮ ಏನೂ ನೆನಪಾಗಲಿಲ್ಲ, ಸೇದುತ್ತಾ ಅತ್ತ. ಮಾರನೇ ದಿನ ಬುದ್ಧಿ ಬಂದು ಉಪ್ಪು, ಸ್ಪಿರಿಟ್ಟು ತುಂಬಿಟ್ಟು, ಮೂರು ದಿನ ಉಜ್ಜಿದ. ಹೋಯಿತು ಎಂದುಕೊಂಡ. ಊರಿಗೆಲ್ಲ ಪಾಠ ಹೇಳುವವನು ತನ್ನ ಪಾಠ ತನಗೆ ಅನ್ವಯಿಸುತ್ತದೆಂದು ಎಣಿಸಲಿಲ್ಲ. ದಿನವೂ ಸೇದುವ ಪೈಪಾಗಿದ್ದರೆ ಒಂದು ವರ್ಷದಲ್ಲಿ ಅದು ಅಡಗಿಹೋಗುತ್ತಿತ್ತೋ ಏನೋ. ವರ್ಷಕ್ಕೊಂದೇ ಸಲ ಹಚ್ಚುತ್ತಿದ್ದದ್ದರಿಂದ ಮರ ಅದನ್ನು ಹಾಗೇ ಕಾಪಾಡಿಕೊಂಡಿತ್ತು. ಬೇರೆ ತಂಬಾಕಿನ ಜೊತೆ ಬೆರೆತು ಬಂದಾಗ ಆ ಗುಲಾಬಿ ಮೂಗಪ್ಪನ ಮೂಗಿಗೇ ಸೋಪಾಗಿ ಕಂಡಿತ್ತು.

"ಏನಾಯ್ತು ರೀ?" ಎಂದಳು ಹೆಂಡತಿ.

"ತಪ್ಪು ನಂದೇ," ಎಂದ. ಯಾವ ತಪ್ಪು, ಹೇಗೆ ಎಂದು ಮಾತ್ರ ಹೇಳಲಿಲ್ಲ. ಅದನ್ನು ಮೊದಲು ಕೇಳಬೇಕಾದವನು ಅಲ್ಲಿರಲಿಲ್ಲ.

ಆ ದಿನ ಬಾಗಿಲಿಗೆ ಹಾಳೆ ಅಂಟಿಸುವುದು ಮಧ್ಯಾಹ್ನವಾಯಿತು. ನಾಲ್ಕು ಹಾಳೆ ಹರಿದು ಹಾಕಿದ. ಒಂದರಲ್ಲಿ 'ಉಪಕರಣದ ದೋಷ' ಎಂದು ಬರೆದಿದ್ದನ್ನು ಹೆಂಡತಿ ಓದಿ, "ಪೈಪು ಅನ್ನೋಕೇನು ಕಷ್ಟ?" ಎಂದಳು. ಹೀಗೆ ಬರೆದು ಹಾಕಿದರೆ ಮೂವತ್ತು ವರ್ಷದ ಹೆಸರು ಒಂದೇ ದಿನಕ್ಕೆ ಮಣ್ಣುಪಾಲು ಎಂದು ಅವನಿಗೆ ಗೊತ್ತಿತ್ತು. ಕೊನೆಗೆ ಅಂಟಿಸಿದ್ದು ಇಷ್ಟು: 'ಒಂಬತ್ತು ವರ್ಷಗಳಿಂದ ಈ ಬಾಗಿಲಿನ ಮೇಲೆ ಸೋಪು ಎಂದು ಬರೆದದ್ದೆಲ್ಲ ತಪ್ಪು. ಸೋಪು ಯಾರ ತಂಬಾಕಿನಲ್ಲೂ ಇರಲಿಲ್ಲ, ನನ್ನ ನಾಲ್ಕನೇ ಪೈಪಿನಲ್ಲಿತ್ತು. ಮೊದಲು ಆ ಮಾತು ಬಿದ್ದದ್ದು ನನ್ನ ತಮ್ಮನ ಮೇಲೆ. ಈ ಸಲ ಹೋಲಿಕೆ ಇಲ್ಲ.' ಕೆಳಗೆ ಮೂಗಪ್ಪ ಎಂದು ಹಾಕಲಿಲ್ಲ, ಅಪ್ಪ ಇಟ್ಟ ಹೆಸರನ್ನು ಬರೆದ.

ಬೀಗದವನು ಬಂದು ಎರಡು ಸಲ ಓದಿದ. "ಏನ್ ಮೂಗಪ್ಪನೋರೆ, ಈ ಸಲ ಸೋಪು ನಿಮ್ಮ ಪಾಲಿಗೇ ಬಂತಲ್ಲ!"

"ಹೂಂ, ಬಂತು," ಎಂದ ಮೂಗಪ್ಪ. ಬೀಗದವನು ತನ್ನ ಅಂಗಡಿಗೆ ಹೊರಟ.

ಮಾರನೇ ದಿನ ಬೆಳಿಗ್ಗೆ ನಾಲ್ಕನೇ ಪೈಪನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಎರಡು ಬೀದಿ ನಡೆದ. ಒಂಬತ್ತು ವರ್ಷ ನಡೆಯದ ದೂರ ಅದು, ಹತ್ತು ನಿಮಿಷವೂ ಹಿಡಿಯಲಿಲ್ಲ. ಶೆಡ್ಡಿನ ಬಾಗಿಲು ತೆರೆದಿತ್ತು. ನಡುವೆ ಕತ್ತರಿಸುವ ಯಂತ್ರ, ಮೈತುಂಬ ಗೋಣಿ ಸುತ್ತಿ ಹಗ್ಗ ಬಿಗಿದಿತ್ತು. ತಮ್ಮ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಖಾಲಿ ಡಬ್ಬಿಗಳನ್ನು ಒಂದರೊಳಗೊಂದು ಇಡುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಬಾಗಿಲಿಗೆ ಬರೆದು ಹಾಕಿದೀನಿ," ಎಂದ ಮೂಗಪ್ಪ.

"ಓದ್ದೆ. ನಿನ್ನೆ ನೀನು ಊಟಕ್ಕೆ ಹೋದಾಗ ಬಂದಿದ್ದೆ."

"ತಪ್ಪಾಯ್ತು ಕಣೋ."

ತಮ್ಮ ಇನ್ನೆರಡು ಡಬ್ಬಿ ಜೋಡಿಸಿದ. ಆಮೇಲೆ, "ಪೈಪು ಹೇಗೆ ಕೆಟ್ಟಿತು ಅಂತ ಬರೆದಿಲ್ಲ ಅದ್ರಲ್ಲಿ," ಎಂದ.

ಕಸಬು ಗೊತ್ತಿದ್ದವನು ಕೇಳುವ ಪ್ರಶ್ನೆ ಅದು. ಮರದಲ್ಲಿ ಬಿರುಕಿತ್ತು, ಹಳೆಯದಾಗಿತ್ತು, ಏನಾದರೂ ಹೇಳಬಹುದಿತ್ತು. ಮೂಗಪ್ಪ ಕರವಸ್ತ್ರ ಬಿಚ್ಚಿದ.

"ಅಪ್ಪನ ತಂಬಾಕು," ಎಂದ. "ಇದರಲ್ಲಿ ಹಾಕಿ ಸೇದ್ದೆ. ಅಪ್ಪ ಹೋದ ಮೂರನೇ ದಿನ."

ತಮ್ಮನ ಕೈ ನಿಂತಿತು. "ಡಬ್ಬಿ ಖಾಲಿ ಅಂದಿದ್ದೆ."

"ಅಂದಿದ್ದೆ."

"ಎಷ್ಟಿತ್ತು?"

"ಒಂದು ಸಲಕ್ಕೆ. ಇಬ್ಬರು ಹಂಚ್ಕೊಂಡು ಸೇದ್ಬೋದಿತ್ತು."

"ಕರೀಬೋದಿತ್ತಲ್ಲ ನನ್ನ."

ಒಂಬತ್ತು ವರ್ಷದ ಸೋಪನ್ನು ಮೈಮೇಲೆ ಹಾಕಿಕೊಂಡು ಓಡಾಡಿದವನು ಅದರ ಬಗ್ಗೆ ಒಂದು ಮಾತೂ ಎತ್ತದೆ ಇದನ್ನು ಕೇಳಿದ. ಮೂಗಪ್ಪ ನೆಲ ನೋಡಿದ.

"ಕರೀಬೇಕಿತ್ತು. ನನಗೊಬ್ಬನಿಗೇ ಬೇಕು ಅನ್ನಿಸ್ತು ಅವತ್ತು."

ತಮ್ಮ ಎದ್ದು, ಕೈ ಚಾಚಿ, "ಇಲ್ಲಿ ಕೊಡು" ಎಂದು ಪೈಪು ತೆಗೆದುಕೊಂಡು ಒಳಗೆ ಮೂಸಿ ನೋಡಿದ. ತಲೆಯಾಡಿಸಿದ. ಸೇದೋಣವೆಂದರೆ ಕತ್ತರಿಸಿದ ತಂಬಾಕು ಶೆಡ್ಡಿನಲ್ಲಿ ಒಂದು ಚಿಟಿಕೆಯೂ ಉಳಿದಿರಲಿಲ್ಲ, ಎಲ್ಲ ಕೊಟ್ಟು ಖಾಲಿ ಮಾಡಿದ್ದ. ಹಲಗೆಯ ಮೇಲೆ ಒತ್ತಿಟ್ಟಿದ್ದ ಹಳದಿ ಎಲೆಯ ಒಂದು ಗಟ್ಟಿ ಮಾತ್ರ ಇತ್ತು. ಅವನು ಯಂತ್ರದ ಹಗ್ಗದ ಗಂಟು ಬಿಚ್ಚಿದ, ಗೋಣಿ ಕೆಳಗೆಳೆದ, ಗಟ್ಟಿಯನ್ನು ಯಂತ್ರದ ಬಾಯಿಗಿಟ್ಟು ಚಕ್ರ ತಿರುಗಿಸಿದ. ಅಲಗಿನ ಕೆಳಗೆ ಎಳೆ ಎಳೆಯಾಗಿ ಬಿದ್ದದ್ದನ್ನು ಬೆರಳಲ್ಲಿ ಕೆದರಿ ಪೈಪಿಗೆ ತುಂಬಿದ. ಬರೀ ಎಲೆ, ಬೆರಕೆಯಿಲ್ಲ, ಕಪ್ಪಿಲ್ಲ, ಹುಳಿಯಿಲ್ಲ. ಹಳೆಯದೇನಾದರೂ ಇದ್ದರೆ ಮುಚ್ಚುವಂಥದ್ದು ಯಾವುದೂ ಅದರಲ್ಲಿರಲಿಲ್ಲ.

ಕಡ್ಡಿ ಗೀರಿ ನಿಧಾನವಾಗಿ ಎಳೆದ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಕಣ್ಣು ಮುಚ್ಚಿದ.

"ಕೋಟಿನ ಜೇಬು," ಎಂದ.

"ಹೂಂ," ಎಂದ ಮೂಗಪ್ಪ. ಬಾಗಿಲ ಹಿಂದೆ ಮೊಳೆಗೆ ನೇತು ಹಾಕುತ್ತಿದ್ದ ಅಪ್ಪನ ಕೋಟು, ಮಿಠಾಯಿ ಇದೆಯೇನೋ ಎಂದು ಇಬ್ಬರೂ ಒಂದೊಂದು ಜೇಬಿಗೆ ಮೊಣಕೈತನಕ ಕೈ ಹಾಕುತ್ತಿದ್ದದ್ದು. ಅದನ್ನು ಬಿಡಿಸಿ ಹೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ.

ಹೊಗೆ ಅವನ ಕಡೆಗೂ ತೇಲಿ ಬಂತು. ಮೂಗಪ್ಪ ತನಗರಿವಿಲ್ಲದೆ ಕೈ ಮುಂದೆ ಚಾಚಿದ. ತಮ್ಮ ನೋಡಿದ, ಕೊಡಲಿಲ್ಲ. ಗೋಡೆಯ ಕಡೆ ತಿರುಗಿ ಕೂತು, ಕೊನೆಯ ಎಳೆ ಬೂದಿಯಾಗುವ ತನಕ ತಾನೊಬ್ಬನೇ ಸೇದಿದ. ಅವನ ಭುಜ ಅಲುಗುತ್ತಿತ್ತು. ಮೂಗಪ್ಪ ಕೈಯನ್ನು ವಾಪಸು ತೆಗೆದುಕೊಂಡು ನಿಂತೇ ಇದ್ದ. ಇದು ನ್ಯಾಯ ಎಂದು ಅವನಿಗೂ ಗೊತ್ತಿತ್ತು.

ತಮ್ಮ ಬೂದಿ ಕೊಡವಿ, ಪೈಪನ್ನು ಅಂಗಿಗೆ ಒರೆಸಿ, ಮೇಲಿನ ಹಲಗೆಯ ಮೇಲೆ ಇಟ್ಟ. "ಇದು ಇಲ್ಲೇ ಇರುತ್ತೆ."

"ಇರ್ಲಿ," ಎಂದ ಮೂಗಪ್ಪ. ಬಾಗಿಲ ಕಡೆ ಹೊರಟ. ಹೊಸ್ತಿಲು ದಾಟುವಾಗ ಹಿಂದಿನಿಂದ ಯಂತ್ರದ ಚಕ್ರ ಮತ್ತೊಮ್ಮೆ ತಿರುಗಿದ ಸದ್ದು ಕೇಳಿತು, ನಿಂತ.

"ದಿನಾ ಸೇದಿದ್ರೆ ಹೋಗ್ಬಿಡುತ್ತೆ ಇದು," ಎಂದ ತಮ್ಮ, ಗಟ್ಟಿಯ ಮೇಲಿಂದ ತಲೆ ಎತ್ತದೆ. "ವರ್ಷಕ್ಕೆ ಒಂದೇ ಸಲ ಹಚ್ಬೇಕು."

"ಹೌದು."

"ಮುಂದಿನ ವರ್ಷ ಹಚ್ತೀನಿ. ನಾನಾದ್ರೆ ನಿನ್ನ ಕರೀತೀನಿ."